ಸಫಾರಿಯ ದುಡ್ಡು ಯಾರ ಹಟ್ಟಿಗೆ?

ಈ ಸಲ ಬಂದ ಪತ್ರಗಳಲ್ಲಿ ಆಫ್ರಿಕಾದ ಸಫಾರಿಯದ್ದೇ ಕಾರುಬಾರು. ಪ್ರಶ್ನೆಗಳನ್ನು ತುಸು ಮೊಟಕುಗೊಳಿಸಿ ಉತ್ತರಿಸಿದ್ದೇವೆ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಹಿಡಿದಿದ್ದೇವೆ. ನೀವು ಹೊರಡುವ ದಿನದ ದರ ನೋಡಿಕೊಳ್ಳಿ.

ನಾವು ಹನ್ನೆರಡು ಮಂದಿ ಅಡಿಕೆ ಕೃಷಿಕರು, ಮನೆಯವರು ಸೇರಿ ಆಗಸ್ಟ್‌ನಲ್ಲಿ ಕೆನ್ಯಾದ ಮಸಾಯಿ ಮಾರಕ್ಕೆ ಹೋಗುವವರಿದ್ದೇವೆ. "ನೀವು ಕೊಡುವ ದುಡ್ಡಿನಿಂದಲೇ ಅಲ್ಲಿ ಸಿಂಹ, ಆನೆ ಉಳಿಯುವುದು, ಊರಿನವರು ಉಣ್ಣುವುದು" ಅಂತ ಟೂರಿನವರು ಹೇಳುತ್ತಾರೆ. ವ್ಯಾಪಾರದ ಮಾತೋ, ನಿಜವೋ?
— ಬದಿಯಡ್ಕದ ಓದುಗರು

ಅರ್ಧ ನಿಜ. ಉಳಿದರ್ಧವೂ ನಿಜವಾಗುತ್ತದೋ ಇಲ್ಲವೋ ಎಂಬುದು ನೀವು ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ಹೊಂದಿಕೊಂಡಿದೆ.

ಮಾರ ಅಂದರೆ ಒಂದೇ ಕಾಡಲ್ಲ. ನಡುವೆ 1,510 ಚದರ ಕಿಲೋಮೀಟರಿನ ರಕ್ಷಿತ ಪ್ರದೇಶವಿದೆ. ಅದು ಕೆನ್ಯಾ ಸರಕಾರದ ವನ್ಯಜೀವಿ ಇಲಾಖೆಯ ಕೈಯಲ್ಲಿಲ್ಲ, ನಾರೊಕ್ ಕೌಂಟಿಯ ಕೈಯಲ್ಲಿದೆ. ನಮ್ಮ ಲೆಕ್ಕದಲ್ಲಿ ಜಿಲ್ಲಾ ಪಂಚಾಯತಿನಂತಹ ಆಡಳಿತ ಅದು. ಮಾರ ನದಿಯ ಪಶ್ಚಿಮದ ತುಂಡಿಗೆ ಮಾರ ಟ್ರಯಾಂಗಲ್ ಎನ್ನುತ್ತಾರೆ. ಅದನ್ನು 2001ರಿಂದ ಮಾರ ಕನ್ಸರ್ವೆನ್ಸಿ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ ನೋಡಿಕೊಳ್ಳುತ್ತಿದೆ. ಕಾವಲುಗಾರರ ಸಂಬಳ, ರಸ್ತೆ ರಿಪೇರಿ, ಬೇಟೆಗಾರರು ಒಡ್ಡಿದ ತಂತಿ ಉರುಳುಗಳನ್ನು ಹುಡುಕಿ ತೆಗೆಯುವ ಕೆಲಸ ಎಲ್ಲ ಹೆಚ್ಚಾಗಿ ಗೇಟಿನ ದುಡ್ಡಿನಿಂದಲೇ ನಡೆಯುವುದು.

ಗೇಟಿನ ದರ 2024ರಿಂದ ಹೀಗಿದೆ: ಹೊರದೇಶದ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ನಿಮ್ಮ ಹನ್ನೆರಡು ಮಂದಿಗೆ ಆಗಸ್ಟ್‌ನಲ್ಲಿ ಮೂರು ದಿನವೆಂದರೆ 7,200 ಡಾಲರ್, ಸುಮಾರು ಆರೂವರೆ ಲಕ್ಷ ರೂಪಾಯಿ. ಗೇಟಿಗೆ ಮಾತ್ರ ಇಷ್ಟು. ಟಿಕೆಟ್ 24 ಗಂಟೆಯದ್ದಲ್ಲ, ಬೆಳಗ್ಗೆ 6ರಿಂದ ಸಂಜೆ 6ರವರೆಗಿನದು. ಒಳಗೆ ಉಳಿದವರು ಹೊರಡುವ ದಿನ ಬೆಳಗ್ಗೆ 10ರೊಳಗೆ ಗೇಟು ದಾಟಬೇಕು, ಇಲ್ಲವಾದರೆ ಇನ್ನೊಂದು ದಿನದ್ದು ಬೀಳುತ್ತದೆ. ತಿಂಡಿ ತಿಂದು ನಿಧಾನಕ್ಕೆ ಹೊರಟ ತಂಡಗಳು ಸಿಕ್ಕಿಬೀಳುವುದು ಇಲ್ಲಿಯೇ. "ಗೇಟಿನ ಫೀಸು ಸೇರಿದೆ" ಎಂದ ಟೂರಿನವರಲ್ಲಿ ಎಷ್ಟು ದಿನದ್ದು, ಯಾವ ತಿಂಗಳ ದರ ಎಂದು ಬರೆಸಿಕೊಳ್ಳಿ.

ಇನ್ನು ಊರಿನವರ ಪಾಲಿನ ವಿಷಯ. ರಕ್ಷಿತ ಪ್ರದೇಶಕ್ಕೆ ಬೇಲಿಯಿಲ್ಲ. ಅದರ ಉತ್ತರ ಮತ್ತು ಪೂರ್ವಕ್ಕೆ ಇರುವ ಹುಲ್ಲುಗಾವಲು ದನ ಸಾಕಿ ಬದುಕುವ ಮಸಾಯಿ ಜನಾಂಗದವರ ಸ್ವಂತ ಜಾಗ. ಮೊದಲು ಅದು ಒಟ್ಟು ಜಾಗವಾಗಿತ್ತು, ಆಮೇಲೆ ಮನೆಮನೆಗೆ ಪಾಲಾಯಿತು. ಕೊಯಾಕಿ ಕಡೆ ಒಬ್ಬೊಬ್ಬರಿಗೆ ಸುಮಾರು 150 ಎಕರೆ ಬಂತು. ಕೆನ್ಯಾದ ಕಾಡುಪ್ರಾಣಿಗಳಲ್ಲಿ ಹೆಚ್ಚಿನವು, ಅಂದಾಜು ನೂರಕ್ಕೆ 65, ಇಂಥ ಖಾಸಗಿ ಅಥವಾ ಊರೊಟ್ಟಿನ ಜಾಗದಲ್ಲೇ ಇರುವುದು. ಜಾಗದ ಧಣಿ ಬೇಲಿ ಹಾಕಿದರೆ, ಜೋಳ ಬಿತ್ತಿದರೆ, ಪ್ರಾಣಿಯ ದಾರಿ ಅಲ್ಲಿಗೆ ಮುಗಿಯಿತು.

ಬೇಲಿ ಬೇಡವೆಂದು ಅವರನ್ನು ಒಪ್ಪಿಸಿದ್ದು ಉಪದೇಶವಲ್ಲ, ಗೇಣಿ. ಭೂಸುಧಾರಣೆಗೆ ಮುಂಚೆ ನಮ್ಮ ಕಡೆ ಒಕ್ಕಲು ಧಣಿಗೆ ಗೇಣಿ ಅಳೆಯುತ್ತಿದ್ದ. ಅಲ್ಲಿ ದನ ಮೇಯಿಸುವವನೇ ಧಣಿ, ಟೆಂಟು ಹಾಕುವ ಕಂಪೆನಿ ಒಕ್ಕಲು. ನೂರಾರು ಮಂದಿ ತಮ್ಮ ತುಂಡುಗಳನ್ನು ಒಟ್ಟುಗೂಡಿಸಿ 15 ವರ್ಷ, ಕೆಲವೆಡೆ 25 ವರ್ಷದ ಕರಾರಿಗೆ ಕೊಡುತ್ತಾರೆ. ಇದಕ್ಕೆ ಕನ್ಸರ್ವೆನ್ಸಿ ಎಂದು ಹೆಸರು (ಮೇಲೆ ಹೇಳಿದ ಮಾರ ಕನ್ಸರ್ವೆನ್ಸಿ ಸಂಸ್ಥೆ ಬೇರೆ). ಒಲಾರೆ ಒರೋಕ್ 2006ರಲ್ಲಿ ಶುರುವಾಯಿತು, ಮಾರ ನಾರ್ತ್ 2009ರಲ್ಲಿ, ನಬೋಯಿಶೊ 2010ರಲ್ಲಿ. ನಬೋಯಿಶೊ ಸುಮಾರು 50,000 ಎಕರೆ, ಜಾಗ ಕೊಟ್ಟವರು 500ಕ್ಕೂ ಮಿಕ್ಕಿ. ಗೇಣಿ ಎಕರೆ ಲೆಕ್ಕದಲ್ಲಿ ತಿಂಗಳಿಗೆ ತಿಂಗಳು ಬ್ಯಾಂಕಿಗೆ ಬೀಳುತ್ತದೆ. ಆ ತಿಂಗಳು ಟೆಂಟು ತುಂಬಿತೋ ಖಾಲಿಯೋ ಎಂಬ ಪ್ರಶ್ನೆಯಿಲ್ಲ. ಮಾದರಿಯ ಜೀವ ಇರುವುದು ಇದರಲ್ಲಿ. ಪ್ರವಾಸಿ ಬಂದಾಗ ಮಾತ್ರ ಸಿಗುವ ಮಣಿಸರದ ದುಡ್ಡನ್ನು ನಂಬಿ ಯಾರೂ 150 ಎಕರೆಯನ್ನು ಬೇಲಿಯಿಲ್ಲದೆ ಬಿಡುವುದಿಲ್ಲ.

ಗೇಣಿ ಕಟ್ಟಬೇಕಾದ್ದರಿಂದ ಬಾಡಿಗೆಯೂ ದುಬಾರಿ. ಆದರೆ ಕೆಲವು ಕಡೆ ಟೆಂಟು ಒಂದಕ್ಕೆ 350 ಎಕರೆ ಎಂಬ ಮಿತಿಯಿದೆ. ಒಂದು ಸಿಂಹದ ಸುತ್ತ ಐದು ಗಾಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ರಾತ್ರಿ ಸಫಾರಿ, ನಡಿಗೆ, ರಸ್ತೆ ಬಿಟ್ಟು ಓಡಿಸುವುದು ಇಲ್ಲೆಲ್ಲ ಉಂಟು, ರಕ್ಷಿತ ಪ್ರದೇಶದೊಳಗೆ ಇಲ್ಲ. ಹಣ ನೋಡಿ ಮಾಡುವವರು ಎರಡು ರಾತ್ರಿ ಕನ್ಸರ್ವೆನ್ಸಿಯಲ್ಲಿ ಉಳಿದು, ಒಂದೇ ದಿನ ಗೇಟಿನ ಟಿಕೆಟ್ ತೆಗೆದು ನದಿ ದಾಟುವ ಕಾಡುಕೋಣಗಳನ್ನು ನೋಡಿ ಬರುತ್ತಾರೆ. (ವಿಲ್ಡಬೀಸ್ಟ್ ನಮ್ಮ ಕಾಟಿಯ ಜಾತಿಯಲ್ಲ, ಜಿಂಕೆಯ ಕಡೆಯ ನೆಂಟ, ಕನ್ನಡದಲ್ಲಿ ಬೇರೆ ಹೆಸರು ರೂಢಿಯಾಗಿಲ್ಲ ಅಷ್ಟೆ.) ಆಗಸ್ಟ್‌ಗೆ ಹನ್ನೆರಡು ಮಂದಿಗೆ ಇದು ಲಾಭವೇ.

ಟೂರಿನವರಲ್ಲಿ ಕೇಳಬೇಕಾದ್ದು: ಕ್ಯಾಂಪ್ ಯಾವ ಕನ್ಸರ್ವೆನ್ಸಿಯ ಜಾಗದಲ್ಲಿದೆ? ಕನ್ಸರ್ವೆನ್ಸಿ ಶುಲ್ಕ ಬಿಲ್ಲಿನಲ್ಲಿ ಬೇರೆಯಾಗಿ ಕಾಣುತ್ತದೆಯೇ? ಗೈಡ್ ಕೆನ್ಯಾದ ವೃತ್ತಿಪರ ಸಫಾರಿ ಗೈಡ್‌ಗಳ ಸಂಘದ ಕಂಚು, ಬೆಳ್ಳಿ, ಚಿನ್ನ ಇವುಗಳಲ್ಲಿ ಯಾವ ದರ್ಜೆ ಪಾಸಾದವರು? "ಮಾರದ ಹತ್ತಿರ" ಎಂದಷ್ಟೇ ಉತ್ತರ ಬಂದರೆ ಲಾಡ್ಜ್ ಗೇಟಿನ ಹೊರಗೆ ಸಾಲಾಗಿ ಎದ್ದಿರುವ ಕಟ್ಟಡಗಳಲ್ಲೊಂದು ಎಂದು ತಿಳಿಯಿರಿ. ಅಂಥವುಗಳಲ್ಲಿ ಎಷ್ಟೋ ಕಡೆ ಗೇಣಿಯೂ ಇಲ್ಲ, ಮಿತಿಯೂ ಇಲ್ಲ.

ಹುಳುಕೂ ಇದೆ. ಜಾಗದ ಪಟ್ಟೆ ಹೆಚ್ಚಾಗಿ ಗಂಡಸರ ಹೆಸರಿನಲ್ಲಿ, ಹಾಗಾಗಿ ಗೇಣಿ ಅವರ ಖಾತೆಗೇ. ಪಾಲಿನಲ್ಲಿ ಜಾಗ ಸಿಗದವರಿಗೆ ಏನೂ ಇಲ್ಲ. ಮೇಲಾಗಿ ಮೇವಿಗೆ ಮಿತಿ ಹಾಕಿದ ದಿನಗಳಲ್ಲಿ ಅವರ ದನಗಳು ಪಕ್ಕದ ಊರಿನ ಹುಲ್ಲಿಗೆ ನುಗ್ಗುತ್ತವೆ, ಜಗಳವಾಗುತ್ತದೆ. ಗಡಿಯಾಚೆ ತಾಂಜಾನಿಯಾದ ಲೊಲಿಯೊಂಡೊದಲ್ಲಿ 2022ರಲ್ಲಿ ವನ್ಯಜೀವಿ ಪ್ರದೇಶದ ಗಡಿಕಲ್ಲು ನೆಡಲು ಬಂದ ಪೊಲೀಸರಿಗೂ ಮಸಾಯಿಗಳಿಗೂ ಘರ್ಷಣೆಯೇ ಆಯಿತು. ಸಫಾರಿ ಎಂದ ಕೂಡಲೇ ಊರಿನವರಿಗೆ ಒಳ್ಳೆಯದೇ ಎಂದು ಕಣ್ಣುಮುಚ್ಚಿ ಹೇಳಲಾಗದು.

ನಮ್ಮ ಬಾಳೆ, ಕಂಗು ಆನೆ ತುಳಿದು ಹೋದರೆ ಪರಿಹಾರದ ಅರ್ಜಿ ಹಿಡಿದು ಅಲೆಯಬೇಕು. ಅಲ್ಲಿ ಸಿಂಹ ದನ ಹಿಡಿದರೆ ಯಾರು ಕೊಡುತ್ತಾರೆ? ಅವರೇಕೆ ಕೊಲ್ಲುವುದಿಲ್ಲ?
— ದೇಲಂಪಾಡಿಯ ಓದುಗರು

ಕೊಲ್ಲುತ್ತಾರೆ. ಸತ್ತ ದನದ ಮೇಲೆ ಕೀಟನಾಶಕ ಸುರಿದಿಟ್ಟರೆ ಒಂದೇ ರಾತ್ರಿ ಸಿಂಹವೂ ಹೋಗುತ್ತದೆ, ಕತ್ತೆಕಿರುಬ, ಹದ್ದುಗಳ ಹಿಂಡೂ ಹೋಗುತ್ತದೆ. ಇದನ್ನು ನಿಲ್ಲಿಸಲು ಪರಿಹಾರಕ್ಕಿಂತ ಮೊದಲು ಬೇಕಾದದ್ದು ಗಟ್ಟಿ ಹಟ್ಟಿ.

ಮಸಾಯಿ ಹಟ್ಟಿಗೆ ಬೊಮ ಎನ್ನುತ್ತಾರೆ. ಗೋಡೆ, ಮಾಡು ಇಲ್ಲ. ಜಾಲಿಯ ಮುಳ್ಳುಕೊಂಬೆಗಳನ್ನು ವೃತ್ತಾಕಾರಕ್ಕೆ ಒಟ್ಟಿದ ಬೇಲಿ. ಚಿರತೆ, ಕತ್ತೆಕಿರುಬ ಸಂದು ಹುಡುಕಿ ನುಸುಳುತ್ತವೆ. ಸಿಂಹಕ್ಕೆ ಒಳಗೆ ಬರಬೇಕೆಂದೂ ಇಲ್ಲ, ಹೊರಗಿನಿಂದ ವಾಸನೆ ಕೊಟ್ಟು ಗುರುಗುಟ್ಟಿದರೆ ಸಾಕು. ಬೆದರಿದ ದನಗಳೇ ಬೇಲಿ ಮುರಿದುಕೊಂಡು ಕತ್ತಲೆಗೆ ಓಡುತ್ತವೆ. ಆದ್ದರಿಂದ ಕಂಬ ನೆಟ್ಟು ಸರಿಗೆ ಬಲೆ ಬಿಗಿದು, ಎಣ್ಣೆ ಡ್ರಮ್ಮನ್ನು ತಟ್ಟಿ ಚಪ್ಪಟೆ ಮಾಡಿ ಬಾಗಿಲು ಹಾಕುವುದು ಈಗಿನ ಕ್ರಮ. ಒಳಗಿನ ದನ ಗುದ್ದಿದರೂ ಮುರಿಯಬಾರದು, ಕೆಲಸವಿರುವುದು ಅಲ್ಲಿ. ಬಲೆಯ ಬುಡವನ್ನು ಮಣ್ಣು, ಕಲ್ಲಿನಿಂದ ಮುಚ್ಚದಿದ್ದರೆ ಕತ್ತೆಕಿರುಬ ಅಡಿಯಿಂದ ಬಗೆದು ಬರುತ್ತದೆ.

ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನ ಹುಡುಗ ರಿಚರ್ಡ್ ಟುರೆರೆ ಕಂಡುಕೊಂಡ ಉಪಾಯ ಇನ್ನೂ ಸರಳ. ಬೇಲಿಯ ಮೇಲೆ ಹೊರಮುಖವಾಗಿ ಸಣ್ಣ ಬಲ್ಬುಗಳು, ಸೌರಫಲಕದಿಂದ ತುಂಬುವ ಹಳೆ ಕಾರಿನ ಬ್ಯಾಟರಿ, ಬಲ್ಬುಗಳು ಒಂದರ ನಂತರ ಒಂದು ಮಿನುಗುವ ಹಾಗೆ ಒಂದು ಸರ್ಕ್ಯೂಟು. ಯಾರೋ ಟಾರ್ಚು ಹಿಡಿದು ಹಟ್ಟಿಗೆ ಸುತ್ತು ಬರುತ್ತಿದ್ದಾರೆಂದು ಸಿಂಹಕ್ಕೆ ಅನಿಸಬೇಕು. ಒಂದೇ ಸಮನೆ ಉರಿಯುವ ದೀಪದಿಂದ ಪ್ರಯೋಜನವಿಲ್ಲ, ಸಿಂಹ ಅದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ. ಬ್ಯಾಟರಿ ಸತ್ತ ರಾತ್ರಿಯಂತೂ ದೇವರೇ ಗತಿ.

ಪರಿಹಾರ ಎಲ್ಲ ಕಡೆ ಇಲ್ಲ. ದಕ್ಷಿಣ ಕೆನ್ಯಾದ ಅಂಬೊಸೆಲಿ ರಾಷ್ಟ್ರೀಯ ಉದ್ಯಾನದ ಪಕ್ಕದ ಎಂಬಿರಿಕಾನಿಯಲ್ಲಿ 2003ರಿಂದ ಒಂದು ನಿಧಿ ನಡೆಯುತ್ತಿದೆ. ದೇಣಿಗೆಯೂ ಅಲ್ಲಿ ತಂಗುವ ಪ್ರವಾಸಿಗರ ಶುಲ್ಕವೂ ಸೇರಿ ಅದಕ್ಕೆ ಬಂಡವಾಳ. ದನ ಸತ್ತರೆ ತಪಾಸಣೆಯವರು ಬಂದು ಹೆಜ್ಜೆ, ಹಲ್ಲಿನ ಗುರುತು ನೋಡಬೇಕು. ಹಟ್ಟಿ ಸರಿಯಿರದೆ ಹೋದದ್ದಕ್ಕೆ, ರಾತ್ರಿ ಕಾಡಿನಲ್ಲಿ ಬಿಟ್ಟದ್ದಕ್ಕೆ ಕಡಿಮೆ ಕೊಡುತ್ತಾರೆ. ಯಾರಾದರೂ ಸಿಂಹ ಕೊಂದರೆ ಆ ಭಾಗದ ಎಲ್ಲರ ಆ ಸಲದ ಪರಿಹಾರವೂ ಹೋಯಿತು. ಹೀಗಾಗಿ ನೆರೆಮನೆಯವನೇ ಕಾವಲು. ಕಠಿಣ ಅನಿಸಬಹುದು, ಆದರೆ ಷರತ್ತಿಲ್ಲದೆ ದುಡ್ಡು ಕೊಟ್ಟ ಕಡೆಗಳಲ್ಲಿ ಹಟ್ಟಿ ರಿಪೇರಿಯೇ ನಿಂತುಹೋಗುವ ಅಪಾಯವಿದೆ.

ಆನೆಗೆ ಕೆನ್ಯಾದಲ್ಲಿ ಜೇನುಪೆಟ್ಟಿಗೆಯ ಬೇಲಿ ಇದೆ. ಸಂಶೋಧಕಿ ಲೂಸಿ ಕಿಂಗ್ ರೂಪಿಸಿದ್ದು. ಹತ್ತು ಮೀಟರಿಗೊಂದರಂತೆ ಒಂದು ನಿಜವಾದ ಪೆಟ್ಟಿಗೆ, ಒಂದು ಬರಿಯ ಹಲಗೆ, ಎಲ್ಲವೂ ಒಂದೇ ತಂತಿಗೆ ತೂಗಾಡಬೇಕು. ಆನೆ ತಂತಿ ತಳ್ಳಿದರೆ ಪೆಟ್ಟಿಗೆ ಅಲುಗುತ್ತದೆ, ಜೇನು ಏಳುತ್ತದೆ. ಬರಗಾಲದಲ್ಲಿ ಹೂವಿಲ್ಲದೆ ಜೇನು ಬಿಟ್ಟುಹೋದರೆ ಬೇಲಿ ಬರಿ ಮರದ ತುಂಡು. ನಮ್ಮಲ್ಲೂ ಖಾದಿ ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನಲ್ಲಿ ಶುರುಮಾಡಿತು. ಆದರೆ ನಮ್ಮ ತುಡುವೆ ಜೇನು ಆಫ್ರಿಕಾದ ಜೇನಿನಷ್ಟು ಮುಂಗೋಪಿಯಲ್ಲ. ನಿಮ್ಮ ಕಡೆ ಹಾಕಿರುವ ಸೌರ ತೂಗುಬೇಲಿಯನ್ನು ಬಿಟ್ಟು ಇದನ್ನೇ ನಂಬಬೇಡಿ, ಅದರ ಜತೆಗೆ ಇರಲಿ. ತೂಗುಬೇಲಿಗೆ ತಾಗುವ ಬಳ್ಳಿ ಕಡಿಯದಿದ್ದರೆ ಕರೆಂಟು ನೆಲಕ್ಕಿಳಿದು ಹೋಗುತ್ತದೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ದುಡ್ಡು ತೆಗೆದುಕೊಂಡು ಬೇಟೆಗೆ ಬಿಡುವುದನ್ನೂ ಸಂರಕ್ಷಣೆ ಎನ್ನುತ್ತಾರಲ್ಲ! ಇದು ಯಾವ ನ್ಯಾಯ?
— ಮುಳ್ಳೇರಿಯದ ಕಾಲೇಜು ವಿದ್ಯಾರ್ಥಿನಿ

ನಿಮ್ಮ ಸಿಟ್ಟಿಗೆ ಕಾರಣವಿದೆ, ಲೆಕ್ಕ ಮಾತ್ರ ಅಷ್ಟು ನೇರವಿಲ್ಲ. ಕೆನ್ಯಾ 1977ರಲ್ಲೇ ಮೋಜಿನ ಬೇಟೆ ನಿಲ್ಲಿಸಿತು. ಆದರೂ 1977ರಿಂದ 2016ರೊಳಗೆ ಅಲ್ಲಿನ ಹುಲ್ಲುಗಾವಲಿನ ದೊಡ್ಡ ಪ್ರಾಣಿಗಳು ಸರಾಸರಿ ನೂರಕ್ಕೆ 68ರಷ್ಟು ಕಡಿಮೆಯಾದವು. ಬಂದೂಕಿಗಿಂತ ಬೇಲಿ, ಹೊಲ, ಜಾನುವಾರು, ಬರಗಾಲ ಹೆಚ್ಚು ತಿಂದವು. ನಮೀಬಿಯ 1996ರ ಕಾನೂನಿನಲ್ಲಿ ಊರಿನವರೇ ಕನ್ಸರ್ವೆನ್ಸಿ ಕಟ್ಟಿಕೊಂಡರೆ ಪ್ರಾಣಿಗಳ ಮೇಲಿನ ಆದಾಯ ಅವರದೇ ಎಂದಿತು. ಈಗ ಅಲ್ಲಿ 86 ಕನ್ಸರ್ವೆನ್ಸಿಗಳು, ದೇಶದ ಐದರಲ್ಲೊಂದು ಪಾಲು ನೆಲ. ಚಂದದ ನೋಟವಿರುವ ಕಡೆ ಲಾಡ್ಜ್ ಬರುತ್ತದೆ. ರಸ್ತೆಯೂ ನೀರೂ ಇಲ್ಲದ ಕಡೆ ಕ್ಯಾಮೆರಾದವರು ಬರುವುದಿಲ್ಲ, ಅಲ್ಲಿಗೆ ಬರುವವ ಬೇಟೆಗಾರ ಮಾತ್ರ. ದುಡ್ಡು, ಮಾಂಸ ಎರಡೂ ಊರಿಗೆ ಸಿಗುತ್ತದೆ. ಬೋಟ್ಸ್‌ವಾನ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು.

ಕೆಡುವುದು ಎಲ್ಲಿ? ವರ್ಷಕ್ಕೆ ಎಷ್ಟು ಪ್ರಾಣಿ ಹೊಡೆಯಬಹುದೆಂಬ ಕೋಟಾ ಬರೆಯುವವರು ಆದಾಯ ನೋಡಿ ಬರೆದಾಗ. ಸಿಂಹದಲ್ಲಿ ಇದು ಎದ್ದು ಕಾಣುತ್ತದೆ. ಆರು ವರ್ಷ ತುಂಬದ, ಮರಿಗಳಿರುವ ಗುಂಪಿನ ಗಂಡನ್ನು ಹೊಡೆದರೆ ಹೊಸ ಗಂಡು ಬಂದು ಆ ಮರಿಗಳನ್ನೂ ಕೊಲ್ಲುತ್ತದೆ. ಲೈಸೆನ್ಸು ಒಂದು, ಸಾವು ಐದಾರು. ನಮ್ಮ ಅಭಿಪ್ರಾಯ ಕೇಳಿದರೆ, ಫೋಟೋ ಪ್ರವಾಸ ಸಾಧ್ಯವಿರುವ ಕಡೆ ಬೇಟೆಗೆ ಸಮರ್ಥನೆಯಿಲ್ಲ. ಅದು ಸಾಧ್ಯವಿಲ್ಲದ ಒಣನೆಲದ ಊರಿಗೆ ಬೇರೆ ಆದಾಯ ತೋರಿಸದೆ "ನಿಲ್ಲಿಸಿ" ಎನ್ನಲು ನಮಗೆ ಬಾಯಿ ಬರುವುದಿಲ್ಲ.

ರುವಾಂಡದಲ್ಲಿ ಗೊರಿಲ್ಲ ನೋಡಲು 1,500 ಡಾಲರ್! ಒಂದು ಗಂಟೆಗೆ! ಸುಲಿಗೆಯಲ್ಲವೇ?
— ಮಂಜೇಶ್ವರದ ಓದುಗರು

ಒಂದು ಲಕ್ಷದ ಮೂವತ್ತೈದು ಸಾವಿರ ರೂಪಾಯಿ. 2017ರವರೆಗೆ 750 ಡಾಲರ್ ಇತ್ತು, ಒಂದೇ ಏಟಿಗೆ ಇಮ್ಮಡಿಯಾಯಿತು. ದರ ಏರಲು ಕಾರಣ ಟಿಕೆಟಿನ ಸಂಖ್ಯೆ ಏರಿಸಲು ಬಾರದಿರುವುದು: ಒಂದು ಗೊರಿಲ್ಲ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ನಮ್ಮ ಶೀತ, ಕೆಮ್ಮು ಅವುಗಳಿಗೆ ಅಂಟಿದರೆ ನ್ಯುಮೋನಿಯಾ ಆಗಿ ಸಾಯುತ್ತವೆ. 15 ವರ್ಷದೊಳಗಿನವರಿಗೂ ನೆಗಡಿಯಿದ್ದವರಿಗೂ ಪ್ರವೇಶವಿಲ್ಲದ್ದು ಅದಕ್ಕೇ. ಅದೇ ವರ್ಷ ಸುತ್ತಲಿನ ಊರುಗಳಿಗೆ ಕೊಡುವ ಪಾಲನ್ನು ನೂರಕ್ಕೆ 5ರಿಂದ 10ಕ್ಕೆ ಏರಿಸಿದರು. ಶಾಲೆ, ನೀರಿನ ತೊಟ್ಟಿ, ಆರೋಗ್ಯ ಕೇಂದ್ರ ಆ ದುಡ್ಡಿನವು. ವಿರುಂಗ ಬೆಟ್ಟಗಳಲ್ಲಿ 1981ರ ಎಣಿಕೆಗೆ ಸಿಕ್ಕಿದ್ದು 254 ಗೊರಿಲ್ಲ, 2015–16ರಲ್ಲಿ 604. ಕೈಗೆ ಸ್ವಲ್ಪ ಹಗುರವಾಗಬೇಕಿದ್ದರೆ ಉಗಾಂಡದಲ್ಲಿ 800 ಡಾಲರ್.

ಹೊರಡುವ ಮುಂಚಿನ ತಯಾರಿ? ನನಗೆ 63, ಹೆಂಡತಿಗೆ 58. ಸಸ್ಯಾಹಾರಿಗಳು.
— ಕುಂಬಳೆಯ ನಿವೃತ್ತ ಬ್ಯಾಂಕ್ ನೌಕರರು

ಮೊದಲು ಹಳದಿ ಜ್ವರದ ಲಸಿಕೆ. ಕೆನ್ಯಾದಿಂದ ಮರಳುವವರಲ್ಲಿ ಹಳದಿ ಕಾರ್ಡ್ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿಡುವ ನಿಯಮವಿದೆ. ಕೇಂದ್ರ ಸರಕಾರ ಅನುಮತಿ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಖಾಸಗಿ ಕ್ಲಿನಿಕ್ಕಿನ ಚೀಟಿ ನಡೆಯದು. ಹಾಕಿಸಿ 10 ದಿನ ಕಳೆದ ಮೇಲಷ್ಟೇ ಕಾರ್ಡಿಗೆ ಬೆಲೆ, ಆಮೇಲೆ ಜೀವಮಾನವಿಡೀ ಸಾಕು. 60 ದಾಟಿದವರಿಗೆ ಮೊದಲ ಸಲ ಹಾಕಿಸುವಾಗ ತೊಂದರೆಯ ಸಾಧ್ಯತೆ ಹೆಚ್ಚು. ಮೊಟ್ಟೆಯ ಅಲರ್ಜಿ ಇದ್ದವರಿಗೂ ಹಾಗೆಯೇ. ನೀವು ಟಿಕೆಟ್ ಮಾಡುವ ಮೊದಲೇ ವೈದ್ಯರನ್ನು ಕಾಣಿ. ಮಲೇರಿಯ ಮಾತ್ರೆಯ ವಿಷಯವನ್ನೂ ಆಗಲೇ ಕೇಳಿಬಿಡಿ.

2024ರ ಜನವರಿಯಿಂದ ಕೆನ್ಯಾಕ್ಕೆ ವೀಸಾ ಬದಲು ಆನ್‌ಲೈನ್ ಪ್ರವಾಸ ಅನುಮತಿ, ಸುಮಾರು 30 ಡಾಲರ್. ಅಕ್ಷಯ ಕೇಂದ್ರದಲ್ಲಿ ತುಂಬಿಸುವುದಾದರೆ ವಿಳಾಸ "ಡಾಟ್ ಗೋ ಡಾಟ್ ಕೆಇ" ಎಂದು ಮುಗಿಯುತ್ತದೋ ನೋಡಿ. ಅದೇ ಚಹರೆಯ ಖಾಸಗಿ ಜಾಲತಾಣಗಳು ಮೂರು ಪಾಲು ಕೀಳುತ್ತವೆ.

ಚಕ್ಕುಲಿ, ಹಪ್ಪಳ ಒಯ್ಯಿರಿ, ಪ್ಲಾಸ್ಟಿಕ್ ಕೈಚೀಲದಲ್ಲಿ ಬೇಡ. ಅಂಥ ಚೀಲಕ್ಕೆ ಕೆನ್ಯಾದಲ್ಲಿ 2017ರಿಂದ ನಿಷೇಧ. 2020ರಿಂದ ರಕ್ಷಿತ ಪ್ರದೇಶಗಳೊಳಗೆ ಒಮ್ಮೆ ಬಳಸುವ ನೀರಿನ ಬಾಟಲಿಗೂ ನಿಷೇಧ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ಸರಿ. ಊಟದ ಚಿಂತೆ ಬೇಡ, ಗುಜರಾತಿಗಳು ತಲೆಮಾರುಗಳಿಂದ ನೆಲೆಸಿದ ದೇಶ ಅದು, ಚಪಾತಿಗೆ ಅಲ್ಲೂ ಚಪಾತಿ ಎಂದೇ ಹೆಸರು. ಡ್ರೋನ್ ಒಯ್ಯಬೇಡಿ.

ಟಿಪ್ಸ್: ಗೈಡಿಗೆ ಗಾಡಿಯೊಂದಕ್ಕೆ ದಿನಕ್ಕೆ 10ರಿಂದ 20 ಡಾಲರ್ ರೂಢಿ, ಕೊನೆಯ ದಿನ ಕೈಗೇ ಕೊಡಿ. ಅಡುಗೆಯವರು, ನೀರು ಕಾಯಿಸುವವರು, ರಾತ್ರಿ ಕಾವಲಿನವರು ಕಣ್ಣಿಗೆ ಬೀಳುವುದಿಲ್ಲ. ಅವರಿಗಾಗಿ ಕ್ಯಾಂಪಿನಲ್ಲಿ ಒಂದು ಡಬ್ಬಿ ಇರುತ್ತದೆ. ಹೆಚ್ಚಾಗಿ ಅವರೇ ಆ ಊರಿನವರು.

ಮಸಾಯಿ ಊರು ತೋರಿಸಲು ಗಾಡಿಯವ ಪ್ರತ್ಯೇಕ ದುಡ್ಡು ಕೇಳುತ್ತಾನಂತೆ. ಮಕ್ಕಳಿಗೆ ಪೆನ್ನು, ಮಿಠಾಯಿ ಒಯ್ಯಬಹುದೇ?
— ಉಪ್ಪಳದ ಓದುಗರು

ಆ ದುಡ್ಡು ಚಾಲಕನ ಕೈಗೆ ಹೋದರೆ ದೊಡ್ಡ ಪಾಲು ಅಲ್ಲೇ ಉಳಿಯುವುದು ಮಾರದ ಸುತ್ತ ಹಳೆಯ ದೂರು. ಊರಿನ ಹಿರಿಯರ ಕೈಗೆ, ನಾಲ್ಕು ಮಂದಿಯ ಎದುರು ಎಣಿಸಿ ಕೊಡಿ. ಮಣಿಸರವನ್ನು ಹೆಣೆದ ಹೆಂಗಸಿನಿಂದಲೇ ಕೊಳ್ಳಿ; ಗೇಣಿ ಗಂಡಸರ ಖಾತೆಗೆ ಹೋಗುವ ಊರಿನಲ್ಲಿ ಅವರ ಕೈಗೆ ನೇರ ಬರುವ ಕಾಸು ಅದು. ಮಿಠಾಯಿ ಬೇಡ. ಗಾಡಿಯಿಂದ ಎಸೆಯುವುದಂತೂ ಬೇಡವೇ ಬೇಡ, ಮಕ್ಕಳು ಶಾಲೆ ಬಿಟ್ಟು ದಾರಿಯಲ್ಲಿ ಕಾಯಲು ಕಲಿಯುತ್ತಾರೆ.

ಪ್ರವಾಸಿಗರು ಬರುವುದು ನಿಂತರೆ ಈ ಇಡೀ ಏರ್ಪಾಡು ಬಿದ್ದುಹೋಗದೇ? ನಮ್ಮ ಕೇರಳದಲ್ಲಿ ಇಂಥದ್ದು ಏಕಿಲ್ಲ?
— ಪೆರ್ಲದ ಶಿಕ್ಷಕರು

2020ರಲ್ಲಿ ಬಿದ್ದೇ ಹೋಗುವುದರಲ್ಲಿತ್ತು. ಕೊರೊನಾ ಬಂದು ಕ್ಯಾಂಪುಗಳು ಮುಚ್ಚಿದವು, ಮಾರದಲ್ಲಿ ಹಲವು ಕಡೆ ಗೇಣಿ ಕಡಿತವಾಯಿತು; ಸಾಲ, ದೇಣಿಗೆ ತಂದು ಜಾಗದವರನ್ನು ಉಳಿಸಿಕೊಂಡರು. ಒಂದೇ ಬೆಳೆ ನಂಬಿದ ತೋಟಕ್ಕೆ ಹಳದಿರೋಗ ಬಂದಂತೆ. ಆಮೇಲೆ ದನದ ವ್ಯಾಪಾರ, ಜೇನು, ಹುಲ್ಲುಗಾವಲಿನ ಇಂಗಾಲದ ಲೆಕ್ಕ (ಕಾರ್ಬನ್ ಕ್ರೆಡಿಟ್) ಮಾರುವುದು ಎಂದೆಲ್ಲ ಎರಡನೇ ಆದಾಯ ಹುಡುಕುತ್ತಿದ್ದಾರೆ.

ನಮ್ಮಲ್ಲಿ ಕಾಡು ಸರಕಾರದ್ದು, ಗೇಣಿ ಕೊಡಿಸಲು ಧಣಿಯೇ ಇಲ್ಲ. ಆದರೆ ಕೇರಳದಲ್ಲಿ ಇಲ್ಲ ಎನ್ನಬೇಡಿ. ತೇಕ್ಕಡಿಯ ಪೆರಿಯಾರ್‌ನಲ್ಲಿ 1990ರ ದಶಕದ ಕೊನೆಗೆ, ಕಾಡಿನಲ್ಲಿ ಕದ್ದು ವಯಣ (ಕಾಡು ದಾಲ್ಚಿನ್ನಿ) ಮರದ ಚಕ್ಕೆ ಕೀಳುತ್ತಿದ್ದವರನ್ನೇ ಸೇರಿಸಿ ಪರಿಸರ ಅಭಿವೃದ್ಧಿ ಸಮಿತಿ ಮಾಡಿದರು. ಕಳ್ಳದಾರಿಗಳೆಲ್ಲ ಅವರಿಗೆ ಬಾಯಿಪಾಠ. ಈಗ ಅದೇ ದಾರಿಗಳಲ್ಲಿ ಪ್ರವಾಸಿಗರನ್ನು ಕಾಡುನಡಿಗೆಗೆ ಕರೆದೊಯ್ಯುತ್ತಾರೆ, ಜತೆಗೆ ಕಾವಲೂ ಆಗುತ್ತದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವುದಿದ್ದರೆ ಬೋಟಿಂಗ್ ಟಿಕೆಟಿಗೆ ಸಾಲು ನಿಲ್ಲುವ ಬದಲು ಆ ಸಮಿತಿಯವರ ನಡಿಗೆಯನ್ನು ಮುಂಗಡ ಗೊತ್ತುಮಾಡಿ. ಜಿಗಣೆಗೆ ಕಾಲುಚೀಲ ಕೊಡುತ್ತಾರೆ; ನಮ್ಮವರು ಹೊಗೆಸೊಪ್ಪಿನ ನೀರನ್ನೂ ಜತೆಗೆ ಹಿಡಿದುಕೊಂಡರೆ ನಷ್ಟವಿಲ್ಲ.